ಇಟ್ಕಳಿ ಅಂದ ಕಾರು

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಲೋಟ ತೊಳೆದು ಕವುಚಿ ಹಾಕಿದ ಮೇಲೆ ನಾನು ಕಾರು ತೊಳೆಯುತ್ತೇನೆ. ಮಳೆ ಸುರಿಯುತ್ತಿದ್ದರೂ ತೊಳೆಯುತ್ತೇನೆ. ಮಳೆ ಕೊಳೆಯನ್ನು ನೆನೆಸುತ್ತದೆ, ತೆಗೆಯುವುದಿಲ್ಲ. ಎರಡು ಬಕೆಟ್ ಬೇಕು. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸದೆ ಮತ್ತೆ ಸೋಪಿಗೆ ಅದ್ದಬಾರದು. ಮೇಲಿನಿಂದ ಕೆಳಕ್ಕೆ ಬರಬೇಕು, ಚಕ್ರಗಳಿಗೆ ಬೇರೆ ಬಟ್ಟೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದ ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಗಾಯ ತೊಳೆಯುವ ಕ್ರಮವೂ ಇದೇ: ಶುಚಿ ಇರುವ ಕಡೆಯಿಂದ ಹೊಲಸಿನ ಕಡೆಗೆ.

ಕೆಲವು ವರ್ಷ ಈ ಕೆಲಸಕ್ಕೆ ನನ್ನ ಅಣ್ಣನೂ ಜೊತೆಯಿದ್ದ. ಕುಶಾಲನಗರದ ಅಂಚಿನಲ್ಲಿರುವ ನನ್ನ ಮನೆಯ ಮುಂದೆ ಸಿಮೆಂಟಿನ ಅಂಗಳವಿದೆ. ಎರಡು ಬೀದಿ ಆಚೆಗಿರುವ ಅವನ ಮನೆಯ ಮುಂದೆ ಕೆಸರು. ಹಾಗಾಗಿ ತನ್ನ ಕಾರನ್ನು ತಂದು ನನ್ನ ಕಾರಿನ ಪಕ್ಕದಲ್ಲಿ ನಿಲ್ಲಿಸುತ್ತಿದ್ದ. ನನ್ನದು ಎಲ್ಲರ ಮನೆಯಲ್ಲೂ ಇರುವಂಥ ಬಿಳಿಯ ಸಣ್ಣ ಕಾರು. ಅವನದು ಹಳೆಯ ಕಾಲದ ಉದ್ದ ಮೂತಿಯ, ಬಾಟಲಿ ಹಸಿರು ಬಣ್ಣದ ಕಾರು. ಅದನ್ನು ಹಿಂದಕ್ಕೆ ತೆಗೆಯುವಾಗ ಅವನು ತಿರುಗಿ ನೋಡುತ್ತಿರಲಿಲ್ಲ, ಬೀದಿಯವರೇ ಪಕ್ಕಕ್ಕೆ ಸರಿಯಬೇಕಾಗಿತ್ತು.

ನಮ್ಮ ತಂದೆ ಹಾಸನದ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದವರು. ಅಣ್ಣನಿಗೆ ಮಣ್ಣು ಹಿಡಿಸಲಿಲ್ಲ. ಮಡಿಕೇರಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆದ. ಹಾಜರಿ ಹಾಕುವುದು, ಕುಯ್ದ ಹಣ್ಣು ತೂಗಿಸುವುದು, ಲೈನ್ ಮನೆಗಳ ಕೂಲಿಯವರ ಬೈಗುಳವನ್ನು ಬಂಗಲೆಗೂ ಬಂಗಲೆಯ ಬೈಗುಳವನ್ನು ಲೈನಿಗೂ ದಾಟಿಸುವುದು ರೈಟರ ಕೆಲಸ. ಎರಡೂ ಕಡೆಯವರು ಅವನನ್ನು ತಮ್ಮವನೆಂದು ಎಣಿಸಲಿಲ್ಲ. ತಲೆ ನೆರೆಯುವವರೆಗೂ ಅಲ್ಲೇ ದುಡಿದ. ಕೆಲಸ ಬಿಡುವ ದಿನ ಎಸ್ಟೇಟಿನ ಒಡೆಯರಾದ ಸಾಹುಕಾರರು ಬಂಗಲೆಯ ಜಗುಲಿಯಲ್ಲಿ ಶಾಲು ಹೊದಿಸಿದರು. ಆಮೇಲೆ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದ ತಮ್ಮ ಹಳೆಯ ಕಾರಿನ ಕಡೆ ಗದ್ದ ಎತ್ತಿ ತೋರಿಸಿ, "ಅದನ್ನ ನೀವೇ ಇಟ್ಕಳಿ ರೈಟ್ರೇ" ಎಂದರು.

ಈ ಒಂದು ಮಾತನ್ನು ಅಣ್ಣ ಹೇಳದ ಜಾಗವಿಲ್ಲ. ಕಟಿಂಗ್ ಅಂಗಡಿಯಲ್ಲಿ ಹೇಳಿದ, ಬ್ಯಾಂಕಿನ ಸಾಲಿನಲ್ಲಿ ಹೇಳಿದ, ನಮ್ಮ ಚಿಕ್ಕಪ್ಪನ ತಿಥಿಯ ಪಂಕ್ತಿಯಲ್ಲಿ ಹೇಳಿದ. ಕೇಳಿದವರು ಕಾರಿನ ಕಡೆ ನೋಡುತ್ತಿದ್ದರು, ಆಮೇಲೆ ಅವನ ಕಡೆ ನೋಡುತ್ತಿದ್ದರು. ಆ ಎರಡನೆಯ ನೋಟಕ್ಕಾಗಿ ಅವನು ಬದುಕಿದ್ದ. ತಾನು ಅಲ್ಲಿ ಬರೀ ಕೂಲಿಯವನಾಗಿರಲಿಲ್ಲ ಎಂದು ತೋರಿಸುವುದಕ್ಕೆ ಅವನ ಬಳಿ ಬೇರೇನೂ ಇರಲಿಲ್ಲ.

ಮೊದಲ ವಾರವೇ ನಾನು ಅಂದೆ: "ಅಣ್ಣಯ್ಯ, ಮಡಿಕೇರಿಗೆ ಹೋಗಿ ಆರ್‌ಸಿಗೆ ನಿನ್ನ ಹೆಸರು ಹಾಕಿಸು."

"ಅವ್ರ ಹೆಸ್ರಲ್ಲೇ ಇರ್ಲಿ ಬುಡಮ್ಮಿ. ಹೆಸ್ರು ಬದ್ಲಾಯ್ಸಿ ಅಂತ ಕೇಳಿದ್ರೆ ಅವ್ರ ಮಾತ್ನೇ ನಂಬ್ಲಿಲ್ಲ ಅಂದಂಗಾಯ್ತದೆ."

ಆಪರೇಷನ್ನಿಗೆ ಸಹಿ ಕೇಳಿದಾಗ ರೋಗಿಯ ಕಡೆಯವರು ಹೀಗೇ ಹೇಳುತ್ತಿದ್ದರು. ಡಾಕ್ಟರ ಮೇಲೆ ನಂಬಿಕೆಯಿದೆ, ಸಹಿ ಯಾಕೆ ಎಂದು. ನಾನು ಪೆನ್ನು ಕೈಗೆ ಕೊಟ್ಟು ನಿಂತುಬಿಡುತ್ತಿದ್ದೆ. ಅಣ್ಣನ ಕೈಗೆ ಪೆನ್ನು ಕೊಡುವವರು ಯಾರೂ ಇರಲಿಲ್ಲ.

ತೊಳೆದು ಒಣಗಿಸಿದ ಮೇಲೆ ವ್ಯಾಕ್ಸ್. ನನ್ನ ಕಾರಿಗೆ ತಿಂಗಳಿಗೊಮ್ಮೆ ಸಾಕು. ಅಣ್ಣ ವಾರ ವಾರ ಹಚ್ಚುತ್ತಿದ್ದ. ಚಪ್ಪಟೆ ಡಬ್ಬಿಯಿಂದ ಸ್ಪಂಜಿನ ತುದಿಯಲ್ಲಿ ಚೂರೇ ತೆಗೆದು, ದೋಸೆ ಹುಯ್ದಂತೆ ಸುತ್ತಿ ಸುತ್ತಿ ಸವರಿ, ಅದು ಮಂಜು ಹಿಡಿದಂತೆ ಬೆಳ್ಳಗಾಗುವವರೆಗೆ ಕಾದು, ಹಳೆಯ ಬಿಳಿ ಪಂಚೆಯ ತುಂಡಿನಿಂದ ಒರೆಸುತ್ತಿದ್ದ. ಒರೆಸಿದ ಬಟ್ಟೆ ಹಸಿರಾಗುತ್ತಿತ್ತು. ಹಳೆಯ ಕಾಲದ ಬಣ್ಣಕ್ಕೆ ಮೇಲೆ ಗಾಜಿನಂಥ ಪದರ ಇರುವುದಿಲ್ಲ. ಉಜ್ಜಿದಷ್ಟೂ ಬಣ್ಣವೇ ಕೈಗೆ ಬರುತ್ತದೆ. ಅವನ ಉಗುರಿನ ಸಂದಿಯಲ್ಲಿ ಸೋಮವಾರದವರೆಗೂ ಆ ಹಸಿರು ಇರುತ್ತಿತ್ತು.

ಅತ್ತಿಗೆ ಒಮ್ಮೊಮ್ಮೆ ತಿಂಡಿಯ ಡಬ್ಬಿ ಹಿಡಿದು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವರ ಬಾಯಿಗೆ ಅಣ್ಣನೇ ಮೊದಲ ತಿಂಡಿ.

"ನನ್ ಕಾಲು ನೋಡಿ, ಗದ್ದೆ ಬಿರಿದಂಗೆ ಬಿರಿದವೆ. ಮದ್ವೆಯಾಗಿ ಇಷ್ಟು ವರ್ಷಕ್ಕೆ ಒಂದಿನ ಎಣ್ಣೆ ಮುಟ್ಟಿಸ್ಲಿಲ್ಲ. ಆ ಡಬ್ಬಕ್ಕೆ ವಾರ ವಾರ ಅಭ್ಯಂಜನ!"

"ನಿನ್ನ ಯಾವ ಸಾಹುಕಾರ್ರೂ ಇಟ್ಕಳಿ ಅಂತ ಕೊಡ್ಲಿಲ್ವಲ್ಲ" ಎಂದು ಅಣ್ಣ ತಲೆಯೆತ್ತದೆ ಹೇಳುತ್ತಿದ್ದ.

"ನಮ್ಮಪ್ಪ ಕೊಟ್ಟಿದ್ದು ತಪ್ಪಾಯ್ತು. ಅವ್ರಿಗೆ ಅಳಿಯ ಕಾರಿನ ಜಾತಿ ಅಂತ ಗೊತ್ತಿರ್ಲಿಲ್ಲ."

ಒಂದು ಮಳೆಗಾಲ ಅಣ್ಣನ ಬಲಗೈಯ ರಟ್ಟೆ ಹಿಡಿದುಕೊಂಡಿತು. ಕೈ ಹೆಗಲಿಗಿಂತ ಮೇಲೆ ಏಳಲಿಲ್ಲ. ಕಾರಿನ ಚಾವಣಿ ಅವನಿಗೆ ಎಟುಕದೇ ಹೋಯಿತು. ಕಿಟಕಿಯ ರಬ್ಬರಿಗೆ ಪಾಚಿ ಬಂತು. ತೋಟವೊಂದರ ಪಕ್ಕ ನಿಲ್ಲಿಸಿದ್ದಾಗ ಮೆಣಸಿನ ಬಳ್ಳಿಗೆ ಹೊಡೆಯುತ್ತಿದ್ದ ಬೋರ್ಡೋ ದ್ರಾವಣ ಗಾಳಿಗೆ ಹಾರಿ ಬಿದ್ದು, ಮೂತಿಯ ಮೇಲೆ ತಿಳಿನೀಲಿ ಚುಕ್ಕೆಗಳು ಒಣಗಿದವು. ನಾನು ಅವನ ಪಾಲಿನ ಚಾವಣಿಯನ್ನೂ ಒರೆಸಿಕೊಟ್ಟೆ. ಅವನಿಗೆ ಅದರಿಂದ ಸಮಾಧಾನವಾಗಲಿಲ್ಲ. ಯಾರೋ ಬಣ್ಣದ ಮೇಲೆ ಗಾಜಿನ ಪದರದಂತೆ ಕೂರುವ ಸೆರಾಮಿಕ್ ಕೋಟಿಂಗ್ ಎಂಬ ಮಾತು ಅವನ ಕಿವಿಗೆ ಹಾಕಿದ್ದರು.

ಹೈವೇ ಪಕ್ಕದ ಒಂದು ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಕೇರಳದ ಕಡೆಯ ಚುರುಕು ಬಾಯಿಯ ಯುವಕ. ನಿಲ್ಲಿಸಿಟ್ಟಿದ್ದ ಒಂದು ಬಾನೆಟ್ಟಿನ ಮೇಲೆ ಬಾಟಲಿಯಿಂದ ನೀರು ಸುರಿದ. ನೀರು ಗುಂಡು ಗುಂಡಾಗಿ ಉರುಳಿ ನೆಲಕ್ಕೆ ಬಿತ್ತು.

"ನೋಡಿ ಅಂಕಲೇ, ಕೆಸುವಿನ ಎಲೆ ತರ! ವ್ಯಾಕ್ಸು ಈ ಊರಿನ ಮಳೆಗೆ ಎಷ್ಟು ದಿವಸ ನಿಲ್ಲುತ್ತೆ? ಇದು ಹಾಕಿ, ಮೂರು ವರ್ಷ ಮುಟ್ಟೋದೇ ಬೇಡ."

"ಹಕ್ಕಿ ಪಿಕ್ಕೆ ಹಾಕಿದರೆ?" ಎಂದೆ.

"ಅದು ಬೇಗ ಒರೆಸ್ಬೇಕು ಆಂಟೀ. ಇಲ್ಲಾಂದ್ರೆ ಕಲೆ ಉಳಿಯುತ್ತೆ."

"ಗೀರಿದರೆ?"

"ಗೀರು ಬೀಳುತ್ತೆ. ಇದು ಕಬ್ಬಿಣದ ಬೇಲಿ ಅಲ್ಲ ಅಲ್ವಾ."

"ತೊಳೆಯುವುದು?"

"ತೊಳೀಲೇಬೇಕು."

"ಹಾಗಾದರೆ ಮುಟ್ಟುವುದು ಬೇಡ ಎಂದದ್ದು ಯಾವುದನ್ನು?"

ಅವನು ಅಣ್ಣನ ಕಡೆ ತಿರುಗಿದ. "ಅಂಕಲೇ, ಆಂಟಿ ಪೊಲೀಸಾ?"

"ನರ್ಸು" ಎಂದ ಅಣ್ಣ. "ಅದಕ್ಕಿಂತ ಮೇಲೆ."

ಹೊರಗೆ ಬಂದು ನನ್ನ ಲೆಕ್ಕಾಚಾರವನ್ನು ಅವನ ಮುಂದೆ ಇಟ್ಟೆ. ಈಗಲೂ ಕೇಳಿದವರಿಗೆ ಅದನ್ನೇ ಹೇಳುತ್ತೇನೆ. ಬಣ್ಣ ಹೊಸದಿರಬೇಕು, ನಿಲ್ಲಿಸಲು ಸೂರು ಇರಬೇಕು, ಕಾರು ಬಹುಕಾಲ ತನ್ನ ಬಳಿಯೇ ಇರುತ್ತದೆ ಎಂಬ ಖಾತ್ರಿ ಇರಬೇಕು. ಹಾಗಿದ್ದರೆ ಕೋಟಿಂಗ್ ಹಾಕಿಸಬಹುದು. ಬಣ್ಣ ಹಳೆಯದಾಗಿ, ಕಾರು ಬಯಲಲ್ಲಿ ನಿಲ್ಲುವುದಾಗಿ, ನಾಳೆ ಅದು ಯಾರ ಕೈಗೋ ಹೋಗಬಹುದಾದರೆ ವ್ಯಾಕ್ಸೇ ಸರಿ. ವ್ಯಾಕ್ಸ್ ಹೋದರೆ ಒಂದು ಬೆಳಗಿನ ಕೆಲಸ ಹೋದಂತೆ, ಅಷ್ಟೆ.

"ನನ್ ಕಾರು ಯಾರ ಕೈಗೆ ಹೋಯ್ತದೆ?"

"ಅದು ನಿನ್ನ ಕಾರು ಎಂದು ಎಲ್ಲಿ ಬರೆದಿದೆ? ಮೊದಲು ಹೆಸರು ಹಾಕಿಸು, ಆಮೇಲೆ ಹೊಳಪು. ಅಷ್ಟಕ್ಕೂ ಆ ಹುಡುಗ ಹೇಳುವ ಗ್ಯಾರಂಟಿ ಮುಗಿಯುವವರೆಗೆ ನೀನೇ ಇರುತ್ತೀಯೋ ಇಲ್ಲವೋ."

"ನಾನ್ ಹೋದ್ರೂ ಕಾರು ಹೊಳೀತಾ ಇರ್ತದಲ್ಲ ಕಣಮ್ಮಿ. ರೈಟ್ರ ಕಾರು ಅಂತಾರೆ."

ಮನೆಗೆ ಸುಣ್ಣಬಣ್ಣ ಮಾಡಿಸಲು ಎತ್ತಿಟ್ಟಿದ್ದ ದುಡ್ಡನ್ನು ತಂದು ಕೊಟ್ಟ. ಮಳೆ ಬಿಡುವು ಕೊಟ್ಟ ಮೇಲೆ ಅಂಗಡಿಯವರು ಕಾರನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು. ಮಿಷನ್ನಿನಿಂದ ಉಜ್ಜಿದರು, ಸಣ್ಣ ಶೀಶೆಯ ದ್ರವವನ್ನು ಅಂಗೈಯಗಲ ಅಂಗೈಯಗಲವಾಗಿ ಹಚ್ಚಿ ಒರೆಸಿದರು, ನೀರು ತಾಗದಂತೆ ಕೆಲವು ದಿನ ಅಲ್ಲೇ ಇಟ್ಟರು. ಹೊರಗೆ ಬಂದಾಗ ಅದರ ಹಸಿರಿಗೆ ಆಳ ಬಂದಿತ್ತು. ಆಕಾಶ ಅದರೊಳಗೆ ಕಾಣುತ್ತಿತ್ತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ಅಣ್ಣ ಅದನ್ನು ತನ್ನ ಮನೆಯ ಮುಂದೆ ನಿಲ್ಲಿಸಿದಾಗ, ಹಿಂದಿನ ಗೋಡೆಯ ಕಪ್ಪು ಬೂಷ್ಟು ಕೂಡ ಬಾಗಿಲಿನ ಮೇಲೆ ಸ್ಪಷ್ಟವಾಗಿ ಮೂಡಿತ್ತು.

"ಈಗ ಮನೆ ಎರಡೆರಡು ಕಡೆ ಕಾಣ್ತದೆ" ಎಂದರು ಅತ್ತಿಗೆ. "ಒಂದು ಗಲೀಜು ಸಾಲ್ದು ಅಂತ."

ಆ ವರ್ಷದ ಆಯುಧಪೂಜೆಗೆ ಅಣ್ಣ ನನ್ನನ್ನೂ ಎಸ್ಟೇಟಿಗೆ ಕರೆದ. ಅಲ್ಲಿ ಒಂದು ಪದ್ಧತಿ ಇತ್ತು. ಬಂಗಲೆಯ ಮುಂದಿನ ಕಣದಲ್ಲಿ ಎಸ್ಟೇಟಿನ ಗಾಡಿಗಳನ್ನೆಲ್ಲ ತೊಳೆದು ಸಾಲಾಗಿ ನಿಲ್ಲಿಸುತ್ತಾರೆ. ಜೀಪು, ಪಿಕಪ್ಪು, ಟ್ರ್ಯಾಕ್ಟರು, ಕೊನೆಗೆ ಕಳೆ ಹೊಡೆಯುವ ಮಿಷನ್ನು. ಎಲ್ಲದರ ಕೀಗಳನ್ನು ಒಂದು ಹರಿವಾಣದಲ್ಲಿಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಸಾಹುಕಾರರು ಒಬ್ಬೊಬ್ಬ ಡ್ರೈವರನ್ನೂ ಕರೆದು ಅವನ ಕೀ ಮತ್ತು ಪುರಿ, ಕಡಲೆ, ಸಿಹಿಯ ಪೊಟ್ಟಣವನ್ನು ಕೈಗೆ ಕೊಡುತ್ತಾರೆ. ಕೆಲಸ ಬಿಟ್ಟ ಮೇಲೂ ಅಣ್ಣ ತನ್ನ ಕಾರನ್ನು ಒಯ್ದು ಆ ಸಾಲಿನಲ್ಲಿ ನಿಲ್ಲಿಸುತ್ತಿದ್ದ. ಹರಿವಾಣದಲ್ಲಿ ತನ್ನ ಕೀಯನ್ನೂ ಇಡುತ್ತಿದ್ದ. ವರ್ಷಕ್ಕೊಮ್ಮೆ ಸಾಹುಕಾರರ ಕೈಯಿಂದ ಅದನ್ನು ಮತ್ತೆ ಪಡೆಯುವುದು ಅವನಿಗೆ ಪ್ರಸಾದ. ಎಷ್ಟು ಉಜ್ಜಿದರೂ ಮಂಕಾಗಿಯೇ ಇದ್ದ ಹಸಿರು ಕಾರನ್ನು ಆ ವರ್ಷಗಳಲ್ಲಿ ಅಲ್ಲಿ ಯಾರೂ ತಿರುಗಿ ನೋಡಿರಲಿಲ್ಲ.

"ನಿನ್ನ ಕಾರನ್ನು ಅವರ ಸಾಲಿನಲ್ಲಿ ಯಾಕೆ ನಿಲ್ಲಿಸುತ್ತೀಯ?" ಎಂದು ದಾರಿಯಲ್ಲಿ ಕೇಳಿದೆ.

"ಅಲ್ಲಿ ನಿಲ್ಸಿದ್ರೇನೇ ಅದಕ್ಕೆ ಬೆಲೆ ಕಣಮ್ಮಿ" ಎಂದ.

ಭಟ್ಟರು ಜೀಪಿನ ಮೂತಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು, ನಡುವೆ ಕುಂಕುಮವಿಟ್ಟರು. ಪಿಕಪ್ಪಿಗೂ ಟ್ರ್ಯಾಕ್ಟರಿಗೂ ಹಾಗೇ. ಹಸಿರು ಕಾರಿನ ಮೇಲೆ ಎಳೆದ ಒದ್ದೆ ವಿಭೂತಿ ನಿಲ್ಲಲಿಲ್ಲ. ಹನಿಯೊಡೆದು ಕೆಳಕ್ಕೆ ಜಾರಿತು. ಭಟ್ಟರು ಇನ್ನೊಮ್ಮೆ ಎಳೆದರು. ಕುಂಕುಮದ ನೀರೂ ಸಣ್ಣ ಸಣ್ಣ ಗುಂಡುಗಳಾಗಿ ಉರುಳಿ ಮಣ್ಣಿಗೆ ಬಿತ್ತು.

"ಹೋಯ್ತು ರೈಟ್ರೇ!" ಎಂದು ಜೀಪಿನ ಡ್ರೈವರ್ ಕೂಗಿದ. ಅವನು ತುಳು ಮಾತಿನವನು. "ನಿಮ್ಮ ಕಾರಿನ ಮೇಲೆ ದೇವರು ಸಹ ನಿಲ್ಲೂದಿಲ್ಲ ಮಾರಾಯ್ರೆ!"

ಇಡೀ ಕಣ ನಕ್ಕಿತು. ಆ ನಗು ಕೇಳಿ ಒಳಗಿದ್ದ ಚಿಕ್ಕ ಸಾಹುಕಾರ, ಸಾಹುಕಾರರ ಮಗ, ಹೊರಗೆ ಬಂದ. ಬಂಗಲೆಯ ಒಂದು ಪಕ್ಕವನ್ನು ಹೋಂಸ್ಟೇ ಮಾಡಿ ನಡೆಸುತ್ತಿರುವವನು ಅವನೇ. ಕಾರಿನ ಸುತ್ತ ಒಂದು ಸುತ್ತು ಬಂದ.

"ಪಪ್ಪಾ, ಇದು ನಮ್ಮ ಹಳೇ ಕಾರಲ್ವಾ?"

"ಹೂಂ. ರೈಟ್ರು ಇಟ್ಕೊಂಡಿದ್ರು" ಎಂದರು ಸಾಹುಕಾರರು.

ಅಣ್ಣ ಅದನ್ನು ಹೊಗಳಿಕೆ ಎಂದುಕೊಂಡ. ಮುಂದೆ ಹೋಗಿ ವಿವರಿಸತೊಡಗಿದ. "ಸೆರಾಮಿಕ್ ಕೋಟಿಂಗು ಚಿಕ್ಕ ಸಾಹುಕಾರ್ರೇ. ಇನ್ನು ಮೂರು ವರ್ಷ ಏನೂ ಮಾಡಂಗಿಲ್ಲ. ಬಿಸ್ಲು, ಮಳೆ, ಏನ್ ಬಂದ್ರೂ ನಿಂತಿರ್ತದೆ. ಸುಮ್ನೆ ನಿಲ್ಸಿದ್ರೆ ಸಾಕು."

ತನ್ನ ಬಾಯಿಂದಲೇ ಅಷ್ಟನ್ನೂ ಹೇಳಿದ. ತಂದೆ ಮಗ ಜಗುಲಿಯ ತುದಿಗೆ ಹೋಗಿ ಏನೋ ಮಾತಾಡಿದರು. ನಾನು ನೋಡಿದೆ. ಅಣ್ಣ ನೋಡಲಿಲ್ಲ. ಅವನು ಬಾಗಿಲಿನ ಮೇಲೆ ಬಿದ್ದಿದ್ದ ಒಂದು ಹೂವಿನ ಎಸಳನ್ನು ತೆಗೆಯುತ್ತಿದ್ದ.

ಹರಿವಾಣ ಬಂತು. ಜೀಪಿನವನು ಬಗ್ಗಿ ಕೀ ತೆಗೆದುಕೊಂಡ. ಪಿಕಪ್ಪಿನವನು ತೆಗೆದುಕೊಂಡ. ಟ್ರ್ಯಾಕ್ಟರಿನವನು ಸಾಹುಕಾರರ ಕಾಲು ಮುಟ್ಟಿ ತೆಗೆದುಕೊಂಡ. ಅಣ್ಣ ಎರಡೂ ಕೈ ಚಾಚಿದ. ಬಲಗೈ ಪೂರ್ತಿ ಏಳದೆ ಎಡಗೈಗಿಂತ ಕೆಳಗಿತ್ತು. ಆ ಕೈಗಳ ಮೇಲೆ ಪೊಟ್ಟಣ ಬಿತ್ತು, ಅದರ ಮೇಲೊಂದು ಬಾಳೆಹಣ್ಣು. ಹರಿವಾಣ ಒಳಗೆ ಹೋಯಿತು.

"ಸಾಹುಕಾರ್ರೇ, ನಂದು…"

"ಏನು ರೈಟ್ರೇ? ಪೊಟ್ಟಣ ಸಿಕ್ತಲ್ಲ?"

"ಕೀ."

"ಓ, ಅದಾ. ಕಾರು ಇಲ್ಲೇ ಇರ್ಲಿ ಅಂತಾನೆ ಇವನು. ಮುಂದ್ಗಡೆ ನಿಲ್ಸಿದ್ರೆ ಬರೋ ಗೆಸ್ಟುಗಳು ಫೋಟೋ ತಕ್ಕೋತಾರಂತೆ."

ಅಣ್ಣ ನಕ್ಕ. ಅವರು ತಮಾಷೆ ಮಾಡುತ್ತಿದ್ದಾರೆಂದು ನಂಬಿದ ನಗು ಅದು. ಬೇರೆ ಯಾರೂ ನಗದಿದ್ದಾಗ ನಿಲ್ಲಿಸಿದ.

"ನೀವು ಇಟ್ಕಳಿ ಅಂದಿದ್ರಿ."

"ಅಂದಿದ್ದೆ" ಎಂದರು ಸಾಹುಕಾರರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇಟ್ಕೊಂಡ್ರಿ. ಚೆನ್ನಾಗೇ ಇಟ್ಕೊಂಡ್ರಿ. ಬೇರೆಯವರ ಹತ್ರ ಬಿಟ್ಟಿದ್ರೆ ಇಷ್ಟೊತ್ತಿಗೆ ಗುಜರಿಗೆ ಹೋಗ್ತಿತ್ತು."

ನಾನು ಸುಮ್ಮನಿರುವವಳಲ್ಲ. "ಸಾಹುಕಾರ್ರೇ, ಇಟ್ಕಳಿ ಅಂದರೆ ಕೊಟ್ಟ ಹಾಗೆ ಅಲ್ಲವೇ?" ಎಂದೆ.

ಅವರು ನನ್ನ ಕಡೆ ತಿರುಗಿದರು. "ನೀವು ತಂಗಿ ಅಲ್ವಾ, ಸಿಸ್ಟರಾಗಿದ್ರಿ. ಆಪರೇಷನ್ನಿಗೆ ಹೋಗೋ ರೋಗಿ ಉಂಗುರ ಬಿಚ್ಚಿ, ಇದನ್ನ ಇಟ್ಕಳಿ ಸಿಸ್ಟರ್ ಅಂದ್ರೆ ನೀವು ಮನೆಗೆ ಹಾಕ್ಕೊಂಡು ಹೋಗ್ತಿದ್ರಾ?"

ಅಂಥ ಉಂಗುರಗಳನ್ನು ನಾನು ಎಷ್ಟೋ ಇಟ್ಟಿದ್ದೇನೆ. ಹತ್ತಿಯಲ್ಲಿ ಸುತ್ತಿ, ಬೀರುವಿನಲ್ಲಿಟ್ಟು, ಎಚ್ಚರವಾದ ಮೇಲೆ ಅವರ ಬೆರಳಿಗೇ ಹಾಕಿದ್ದೇನೆ. ಸಾಹುಕಾರರು ನನ್ನ ಬದುಕಿನ ಒಂದೇ ಒಂದು ಹೆಮ್ಮೆಯನ್ನು ತೆಗೆದು ಅಣ್ಣನ ಮುಖಕ್ಕೆ ಹೊಡೆದಿದ್ದರು.

"ಕೋಟಿಂಗಿಗೆ ಎಷ್ಟಾಯ್ತು ಹೇಳಿ ಅಂಕಲ್, ಕೊಟ್ಬಿಡೋಣ" ಎಂದ ಮಗ, ಜೇಬಿನಿಂದ ಫೋನು ತೆಗೆಯುತ್ತ.

"ಬ್ಯಾಡ" ಎಂದ ಅಣ್ಣ.

ತೆಗೆದುಕೊಳ್ಳಬೇಕಿತ್ತು. ತೆಗೆದುಕೊಂಡಿದ್ದರೆ ಮನೆಯ ಗೋಡೆಗಾದರೂ ಬಣ್ಣ ಬರುತ್ತಿತ್ತು.

ನಮ್ಮನ್ನು ಬಸ್ಸಿನ ರಸ್ತೆಗೆ ಬಿಟ್ಟುಬರಲು ಜೀಪು ಕೊಟ್ಟರು. ಅಣ್ಣ ಹಿಂದಿನ ಸೀಟಿನಲ್ಲಿ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಡ್ರೈವರ್ ಕನ್ನಡಿಯಲ್ಲಿ ಅವನನ್ನು ನೋಡಿ ಹೇಳಿದ:

"ಬೇಜಾರು ಮಾಡ್ಬೇಡಿ ರೈಟ್ರೇ. ಈ ಜೀಪು ಸಹ ಹಳತಾಯ್ತು. ನಾಳೆ ಇದನ್ನೂ ಇಟ್ಕಳಿ ಅಂತಾರೆ. ತಿಕ್ಕಿ ತಿಕ್ಕಿ ಕೊಡಿ."

ಅವನ ಹೊಟ್ಟೆಯಲ್ಲಿ ಎಷ್ಟು ವರ್ಷದ ಹಾಜರಿಯ ಸಿಟ್ಟಿತ್ತೋ. ತಡವಾಗಿ ಬಂದವರಿಗೆ ಅರ್ಧ ದಿನದ ಹಾಜರಿ ಹಾಕುತ್ತಿದ್ದ ರೈಟರ್ ಅಣ್ಣ.

ನಾವು ಬೀದಿಯಲ್ಲಿ ನಡೆದು ಬರುವುದನ್ನು ಅತ್ತಿಗೆ ಬಾಗಿಲಿನಿಂದಲೇ ಕಂಡರು.

"ಕಾರೆಲ್ಲಿ?"

ಅಣ್ಣ ಚಪ್ಪಲಿ ಬಿಡುತ್ತ ನಿಂತ. ಹೇಳಬೇಕಾದವಳು ನಾನಾದೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಅತ್ತಿಗೆ ಪೂರ್ತಿ ಕೇಳಿ, ಅವನ ಕೈಯಿಂದ ಪೊಟ್ಟಣ ತೆಗೆದುಕೊಂಡು, ಬಿಚ್ಚಿ, ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡರು.

"ಅಂತೂ ನನ್ ಕಾಲಿಗೆ ಎಣ್ಣೆ ಹಚ್ಚಕ್ಕೆ ಪುರ್ಸೊತ್ತಾಯ್ತು ನಿಮ್ಗೆ" ಎಂದರು.

ಅದಾದ ಮೇಲೆ ಅಣ್ಣ ಕಟಿಂಗ್ ಅಂಗಡಿಗೆ ಹೋಗುವುದನ್ನು ಬಿಟ್ಟ. ಗಡ್ಡ ಬೆಳೆಯಿತು. ನಾನು ಭಾನುವಾರ ನನ್ನ ಕಾರನ್ನು ತೊಳೆದೆ. ಅವನ ಪಾಲಿನ ಎರಡು ಬಕೆಟ್ಟುಗಳನ್ನು ಕವುಚಿಟ್ಟೆ. ಅವನ ವ್ಯಾಕ್ಸ್ ಡಬ್ಬಿಯಲ್ಲಿ ಅರ್ಧ ಉಳಿದಿತ್ತು. ಒಣಗಿಸಿ ಎಸೆಯುವುದು ನನ್ನ ಅಭ್ಯಾಸವಲ್ಲ. ನನ್ನ ಕಾರಿಗೆ ಹಚ್ಚಿ ಮುಗಿಸಿದೆ.

ದೀಪಾವಳಿ ಕಳೆದು ಚಿಕ್ಕ ಸಾಹುಕಾರನ ಫೋನು ಬಂತು. ಕಾರನ್ನು ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದ್ದರಂತೆ, ಮೇಲೆಲ್ಲ ಹಕ್ಕಿಯ ಪಿಕ್ಕೆಯಂತೆ. ಆಳು ಪಾತ್ರೆ ಉಜ್ಜುವ ನಾರು ತೆಗೆದುಕೊಂಡು ಹೋಗಿದ್ದನ್ನು ಕಂಡು ತಾನೇ ತಡೆದನಂತೆ. "ಅದರ ಕ್ರಮ ನಿಮಗೇ ಗೊತ್ತು ಅಂಕಲ್. ವಾರಕ್ಕೊಮ್ಮೆ ಬಂದು ತೊಳೆದುಕೊಡಿ."

ಅಣ್ಣ ಆವತ್ತೇ ಗಡ್ಡ ತೆಗೆಸಿಕೊಂಡ. ಭಾನುವಾರ ಬೆಳಿಗ್ಗೆ ನನ್ನ ಮನೆಗೆ ಬಂದು ತನ್ನ ಬಕೆಟ್ ಕೇಳಿದ.

"ಮರ್ಯಾದೆ ಇದೆಯಾ ನಿನಗೆ?" ಎಂದೆ. "ಕಿತ್ತುಕೊಂಡವರ ಕಾರನ್ನು ಬಸ್ಸಿನಲ್ಲಿ ಹೋಗಿ ತೊಳೆದು ಬರುತ್ತೀಯಾ?"

"ಕಾರು ಅವ್ರದ್ದೇ ಇರ್ಬೋದು ಕಣಮ್ಮಿ. ಕೋಟಿಂಗಿನ ಗ್ಯಾರಂಟಿ ಕಾರ್ಡು ನನ್ ಹೆಸ್ರಲ್ಲೈತೆ." ಅವನು ಇದನ್ನು ಹಲವು ದಿನ ಯೋಚಿಸಿ ಇಟ್ಟುಕೊಂಡಂತೆ ಹೇಳಿದ. "ಕಬ್ಬಿಣ ಅವ್ರದ್ದು, ಬಣ್ಣ ಅವ್ರದ್ದು. ಮೇಗಡೆ ಹೊಳೀತದಲ್ಲ, ಅದು ನಂದು."

"ಅದು ಕಣ್ಣಿಗೂ ಕಾಣದಷ್ಟು ತೆಳು."

"ಇರ್ಲಿ ಬುಡು. ಕೊಡು ಬಕೆಟ್ಟು."

ಕೊಟ್ಟೆ. ಎರಡೂ ಕೊಟ್ಟೆ. ಒಂದೇ ಬಕೆಟ್ಟಿನಲ್ಲಿ ತೊಳೆದರೆ ಕೊಳೆಯೇ ಗೀರುತ್ತದೆ.

ಈಗ ಪ್ರತಿ ಭಾನುವಾರ ಅವನು ಬಕೆಟ್ಟುಗಳನ್ನು ಒಂದರೊಳಗೊಂದು ಇಟ್ಟುಕೊಂಡು ಮೊದಲ ಬಸ್ಸಿಗೆ ಹೋಗುತ್ತಾನೆ. ಗೆಸ್ಟುಗಳು ಏಳುವ ಮುಂಚೆ ಮುಗಿಸಬೇಕೆಂದು ಹೇಳಿದ್ದಾರಂತೆ. ಬಂಗಲೆಯ ಮುಂದೆ ಕಾರಿನ ಸುತ್ತ ಒಂದು ಸರಪಳಿ ಕಟ್ಟಿ ಮುಟ್ಟಬಾರದೆಂದು ಬೋರ್ಡು ಹಾಕಿದ್ದಾರಂತೆ. ಅದನ್ನು ದಾಟಿ ಒಳಗೆ ಹೋಗುವುದಕ್ಕೆ ತನಗೊಬ್ಬನಿಗೇ ಅಪ್ಪಣೆ ಎಂದು ಕಟಿಂಗ್ ಅಂಗಡಿಯಲ್ಲಿ ಹೇಳಿಕೊಂಡು ಬಂದ. ಕೇಳಿದವರು ಅವನ ಕಡೆ ಮಾತ್ರ ನೋಡಿದರಂತೆ. ನೋಡಲು ಬೀದಿಯಲ್ಲಿ ಕಾರು ಇರಲಿಲ್ಲ.

ಮಧ್ಯಾಹ್ನ ಬಸ್ಸಿಳಿದು ನೇರವಾಗಿ ನನ್ನ ಅಂಗಳಕ್ಕೆ ಬರುತ್ತಾನೆ. ಬಕೆಟ್ಟು ಕವುಚಿಟ್ಟು, ಪಂಚೆಯ ತುಂಡನ್ನು ಹಿಂಡಿ ತಂತಿಯ ಮೇಲೆ ಹರವುತ್ತಾನೆ. ಹೋದ ವಾರ ಹಾಗೆ ಹರವಿದವನು ಅದರ ಮುಂದೆ ನಿಂತುಬಿಟ್ಟ. ಮಗುಚಿ ಇನ್ನೊಂದು ಮಗ್ಗುಲನ್ನೂ ನೋಡಿದ. ಆಮೇಲೆ ತನ್ನ ಉಗುರುಗಳನ್ನು ನೋಡಿಕೊಂಡ.

"ಬಟ್ಟೆಗೆ ಒಂದ್ ಚೂರೂ ಹಸ್ರು ಹತ್ತಲ್ಲ ಕಣಮ್ಮಿ ಈಗ" ಎಂದ.

"ಹತ್ತಬಾರದು" ಎಂದೆ. "ಹಾಕಿಸಿದ್ದೇ ಅದಕ್ಕೆ."